ಜೀಡಿಮೆಟ್ಲಾದ ರಟ್ಟಿನ ಆಟಗಾರರು

ಬಾಲಾನಗರ ಮೆಟ್ರೋ ನಿಲ್ದಾಣದಲ್ಲಿ ಇಳಿದು, ನರಸಾಪುರ ರಸ್ತೆಯಲ್ಲಿ ಷೇರ್ ಆಟೊ ಹಿಡಿದು ಚಿಂತಲ್ ದಾಟಿದರೆ ಸಾಕು, ಜೀಡಿಮೆಟ್ಲಾ ಬಂತು ಅಂತ ಮೂಗೇ ಹೇಳುತ್ತದೆ. ಔಷಧ ಕಾರ್ಖಾನೆಗಳ ಘಾಟು, ಕರಗಿದ ಪ್ಲಾಸ್ಟಿಕ್ಕಿನ ವಾಸನೆ, ಮಧ್ಯೆ ಯಾವುದೋ ಬಂಡಿಯಿಂದ ಮಿರ್ಚಿ ಬಜ್ಜಿಯ ಎಣ್ಣೆ. ತೆಲುಗಿನಲ್ಲಿ ಜೀಡಿ ಎಂದರೆ ಗೇರು. ಇಷ್ಟು ವರ್ಷಗಳಲ್ಲಿ ನಾನು ಅಲ್ಲಿ ಒಂದು ಗೇರುಮರ ನೋಡಿಲ್ಲ. 70ರ ದಶಕದಿಂದ ಬೆಳೆದದ್ದು ಶೆಡ್ಡುಗಳು, ಚಿಮಣಿಗಳು, ಲಾರಿಗಳು.

ಆ ವಾಸನೆ ನನಗೇನೂ ತೊಂದರೆಯಿಲ್ಲ. ನಮ್ಮೂರು ಭದ್ರಾವತಿ. ಒಂದು ಕಡೆ ಕಬ್ಬಿಣದ ಕಾರ್ಖಾನೆ, ಇನ್ನೊಂದು ಕಡೆ ಕಾಗದದ ಕಾರ್ಖಾನೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ಕಣ್ಣು ಮುಚ್ಚಿ ಹೇಳುತ್ತಿದ್ದೆವು. ಈಗ ಕಾಗದದ ಕಾರ್ಖಾನೆಯ ವಾಸನೆಯೇ ಇಲ್ಲ, ಮುಚ್ಚಿ ವರ್ಷಗಳಾದವು. ಜೀಡಿಮೆಟ್ಲಾಕ್ಕೆ ಹೋದಾಗಲೆಲ್ಲ ಊರಿಗೆ ಹೋಗಿ ಬಂದಂತಾಗುತ್ತದೆ ಅಂದರೆ ಹೆಂಡತಿ ನಗುತ್ತಾಳೆ.

ಮೊನ್ನೆ ಹೋದದ್ದು ಒಂದು ಕಬ್ಬಿಣದ ರ‍್ಯಾಕ್ ಹುಡುಕಿಕೊಂಡು. ಶಾಪೂರನಗರದ ಆಚೆ ಸಾಲು ಸಾಲು ಗುಜರಿ ಅಂಗಡಿಗಳಿವೆ. ಮುಚ್ಚಿದ ಕಾರ್ಖಾನೆಗಳ ಬೀರು, ಮೇಜು, ಮೋಟರು, ಎಲ್ಲವೂ ಅಲ್ಲಿಗೆ ಬಂದು ಬೀಳುತ್ತವೆ. ನನಗೆ ಸಿಕ್ಕಿದ ರ‍್ಯಾಕಿನ ಕೆಳಗಿನ ಅರೆಯಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿಯೊಂದು ತುಕ್ಕು ಹಿಡಿದು ಕೂತಿತ್ತು. ಅಂಗಡಿಯವ ಅದನ್ನು ತೆಗೆದು ಬಿಸಾಡಲು ಹೋದ. ಮುಚ್ಚಳ ಕಳಚಿ ರಟ್ಟಿನ ಚೂರುಗಳು ನೆಲಕ್ಕೆ ಚೆಲ್ಲಿದವು. ಹೆಕ್ಕಲು ಬಗ್ಗಿದವನು ಹಾಗೇ ಕೂತುಬಿಟ್ಟೆ. ಒಂದರ ಮೇಲೆ ಕನ್ನಡ ಅಕ್ಷರ: ‘ಜಿ. ಆರ್. ವಿಶ್ವನಾಥ್. ಊರು ಭದ್ರಾವತಿ.’

ಒಟ್ಟು ಇಪ್ಪತ್ಮೂರು ಕಾರ್ಡುಗಳು. ಮಾತ್ರೆಯ ಪೆಟ್ಟಿಗೆಗಳ ರಟ್ಟನ್ನು ಇಸ್ಪೀಟು ಎಲೆಯ ಅಳತೆಗೆ ಕತ್ತರಿಸಿ, ಒಂದು ಮಗ್ಗುಲಿಗೆ ಪತ್ರಿಕೆಯ ಚಿತ್ರ ಅಂಟಿಸಿ, ಇನ್ನೊಂದು ಮಗ್ಗುಲಿಗೆ ಆಟಗಾರನ ಚರಿತ್ರೆ ಬರೆದಿದೆ. ಬರೆದವನು ಹುಡುಗನೇ ಇರಬೇಕು ಅಂತ ನನ್ನ ಊಹೆ, ಹುಡುಗಿಯೂ ಇರಬಹುದು. ನಮ್ಮ ಕಾಲದಲ್ಲಿ ಬಿಗ್ ಫನ್ ಬಬಲ್‌ಗಮ್ ಜೊತೆ ಕ್ರಿಕೆಟಿಗರ ಕಾರ್ಡು ಬರುತ್ತಿತ್ತು, ನೆನಪಿದೆಯಲ್ಲ? ಗಮ್ಮಿನ ಸಿಹಿ ಎರಡು ನಿಮಿಷ, ಕಾರ್ಡಿನ ಜಗಳ ಎರಡು ವಾರ. ಆದರೆ ಅದರಲ್ಲಿ ಸಿಗುತ್ತಿದ್ದವರು ಆಗ ಆಡುತ್ತಿದ್ದವರು. ನಿವೃತ್ತರಾದ ವಿಶಿ, ಚಂದ್ರ, ಪ್ರಸನ್ನ ಬೇಕೆಂದರೆ ಕೈಯಾರೆ ಮಾಡಿಕೊಳ್ಳಬೇಕಿತ್ತು. ಈ ಮಗು ಮಾಡಿಕೊಂಡಿದೆ.

ಬೇರೆ ದೇಶಗಳಲ್ಲಿ ಇದು ದೊಡ್ಡ ವ್ಯಾಪಾರ. ಇಂಗ್ಲೆಂಡಿನ ವಿಲ್ಸ್ ಕಂಪನಿ 1896ರಲ್ಲೇ ಸಿಗರೇಟು ಪ್ಯಾಕಿನೊಳಗೆ ಐವತ್ತು ಕ್ರಿಕೆಟಿಗರ ಕಾರ್ಡು ಇಟ್ಟಿತ್ತು. ಅಮೆರಿಕದಲ್ಲಿ ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲ್‌ನ 1952ರ ಒಂದು ಕಾರ್ಡು 2022ರಲ್ಲಿ 1.26 ಕೋಟಿ ಡಾಲರಿಗೆ ಹರಾಜಾಯಿತು. ಜೀಡಿಮೆಟ್ಲಾದಲ್ಲಿ ರಟ್ಟಿಗೆ ಕಿಲೋ ಲೆಕ್ಕ. ಎಷ್ಟು ಕೊಡಲಿ ಅಂದರೆ ಅಂಗಡಿಯವ ನನ್ನ ಮುಖವನ್ನೇ ನೋಡಿ, ‘ತೀಸ್ಕೋ ಅನ್ನಾ, ರ‍್ಯಾಕ್ ತೊ ಫ್ರೀ’ ಅಂದ.

ಮನೆಗೆ ಬಂದು ಒಂದೊಂದೇ ಓದಿದೆ. ವಿಶ್ವನಾಥ್ ಕಾರ್ಡು ಹೀಗಿದೆ: ‘ಮೊದಲನೇ ರಣಜಿಯಲ್ಲೇ ಆಂಧ್ರದ ಮೇಲೆ 230. ವಿಜಯವಾಡದಲ್ಲಿ! ಮೊದಲನೇ ಟೆಸ್ಟ್ ಕಾನ್ಪುರ 1969. ಮೊದಲು ಸೊನ್ನೆ, ಆಮೇಲೆ 137. ಗಾವಸ್ಕರನ ಭಾವ.’ ವಿಜಯವಾಡದ ಮುಂದಿನ ಆ ಆಶ್ಚರ್ಯಚಿಹ್ನೆ ನೋಡಿ ನನಗೆ ನಗು ತಡೆಯಲಿಲ್ಲ. ಸುತ್ತಲೂ ತೆಲುಗು ಹುಡುಗರ ನಡುವೆ ಬೆಳೆಯುವ ಕನ್ನಡದ ಮಗುವಿಗೆ ಅದಕ್ಕಿಂತ ಒಳ್ಳೆಯ ಆಯುಧ ಯಾವುದಿದ್ದೀತು? ಕೆಳಗೆ ಸಣ್ಣಕ್ಷರದಲ್ಲಿ ‘91 ಟೆಸ್ಟ್, 6080 ರನ್, 14 ಸೆಂಚುರಿ.’ ಲೆಕ್ಕ ಸರಿಯಾಗಿದೆ. ಮದ್ರಾಸಿನಲ್ಲಿ ಆಂಡಿ ರಾಬರ್ಟ್ಸ್ ಎದುರು ಹೊಡೆದ ಔಟಾಗದ 97 ಬಿಟ್ಟುಹೋಗಿದೆ. ಸೆಂಚುರಿ ಅಲ್ಲವಲ್ಲ, ಮಕ್ಕಳಿಗೆ ಅದರ ಬೆಲೆ ತಿಳಿಯುವುದಿಲ್ಲ.

ಪ್ರಸನ್ನರ ಕಾರ್ಡಿನಲ್ಲಿ ಆಟಕ್ಕಿಂತ ಓದೇ ಹೆಚ್ಚು. 1962ರಲ್ಲಿ ವೆಸ್ಟ್ ಇಂಡೀಸಿಗೆ ಹೋಗಿ ಬಂದದ್ದು, ಇಂಜಿನಿಯರಿಂಗ್ ಮುಗಿಸಲು ಸುಮಾರು ಐದು ವರ್ಷ ಟೆಸ್ಟ್ ಬಿಟ್ಟದ್ದು, ಮತ್ತೆ ಬಂದು ಒಟ್ಟು 189 ವಿಕೆಟ್ ಕಿತ್ತದ್ದು. ಅಪ್ಪನೇ ಪಕ್ಕದಲ್ಲಿ ಕೂತು ಹೇಳಿ ಬರೆಸಿದ ಹಾಗಿದೆ. ಚಂದ್ರಶೇಖರ್ ಕಾರ್ಡಿನಲ್ಲಿ ಪೋಲಿಯೊ ಬಂದ ಬಲಗೈಗೆ ಗೆರೆ ಎಳೆದು ಬಾಣದ ಗುರುತು ಹಾಕಿದೆ. ಓವಲ್ 1971, 38ಕ್ಕೆ 6. ಮೆಲ್ಬರ್ನಿನಲ್ಲಿ ಎರಡೂ ಇನ್ನಿಂಗ್ಸಿನಲ್ಲಿ 52ಕ್ಕೆ 6. ಕೊನೆಗೆ ‘ವಿಕೆಟ್ 242, ರನ್ 167 ಮಾತ್ರ.’

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ರಘುರಾಮ ಭಟ್ಟರ ಕಾರ್ಡು. ಪುತ್ತೂರಿನ ಎಡಗೈ ಸ್ಪಿನ್ನರ್. ಆಡಿದ್ದು ಎರಡೇ ಟೆಸ್ಟು, ವಿಕೆಟ್ಟು ನಾಲ್ಕು. ಯಾವ ಗಮ್ ಕಂಪನಿಯೂ ಅಂಥವರ ಕಾರ್ಡು ಅಚ್ಚು ಹಾಕುವುದಿಲ್ಲ. ಈ ಮಗು ಮಾತ್ರ ಹಿಂಬದಿಯಲ್ಲಿ ಜಾಗ ಸಾಲದೆ ಅಂಚಿನ ಸುತ್ತ ರಟ್ಟು ತಿರುಗಿಸಿ ತಿರುಗಿಸಿ ಬರೆದಿದೆ. 1981–82ರ ರಣಜಿ ಸೆಮಿಫೈನಲ್, ಬೆಂಗಳೂರು. ಬಾಂಬೆಯ ಮೇಲೆ ಹ್ಯಾಟ್ರಿಕ್ ಸಮೇತ ಎಂಟು ವಿಕೆಟ್. ಎರಡನೇ ಇನ್ನಿಂಗ್ಸಿನಲ್ಲಿ ಪಿಚ್ಚು ತಿರುಗುವುದು ನೋಡಿ ಸಾಕ್ಷಾತ್ ಗಾವಸ್ಕರರೇ ಭಟ್ಟರ ಎದುರು ಎಡಗೈಯಲ್ಲಿ ಬ್ಯಾಟ್ ಹಿಡಿದರು. ಎರಡೇ ಟೆಸ್ಟಿನ ಬೌಲರಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ತೋಚುವುದಿಲ್ಲ. ಆ ವರ್ಷದ ಫೈನಲ್ಲಿನಲ್ಲಿ ನಾವು 705 ಹೊಡೆದೂ ದೆಹಲಿಗೆ ಸೋತೆವು. ಅದನ್ನು ಬರೆದಿಲ್ಲ. ಬರೆಯುವ ಮನಸ್ಸಾಗಿರಲಿಕ್ಕಿಲ್ಲ.

ಎರಡನೇ ಸಲ ಓದುವಾಗ ಬೇರೊಂದು ಕಣ್ಣಿಗೆ ಬಿತ್ತು. ಮೊದಲ ಕಾರ್ಡುಗಳ ಕನ್ನಡ ಚೊಕ್ಕವಾಗಿದೆ. ಕಿರ್ಮಾನಿಯವರದ್ದರಲ್ಲಿ, ಟನ್‌ಬ್ರಿಜ್ ವೆಲ್ಸ್‌ನಲ್ಲಿ ಕಪಿಲ್ ಜೊತೆ ಮುರಿಯದ 126ರ ಜೊತೆಯಾಟ ಬರೆಯುವ ಹೊತ್ತಿಗೆ, ಅಕ್ಷರದ ತಲೆಕಟ್ಟು ತೆಲುಗಿನ ಹಾಗೆ ಮೇಲಕ್ಕೆ ಚಿಮ್ಮಿದೆ. ಬಿನ್ನಿಯವರ ಕಾರ್ಡಿನಲ್ಲಿ ‘1983 ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಜಾಸ್ತಿ, 18 ವಿಕೆಟ್ ತೀಸಿದನು’ ಅಂತಿದೆ. ತೀಸಿದನು! ತೆಲುಗಿನ ಕ್ರಿಯಾಪದಕ್ಕೆ ಕನ್ನಡದ ಬಾಲ. ಶಿವಲಾಲ್ ಯಾದವ್ ಬರುವಾಗ ಅರ್ಧಕ್ಕರ್ಧ ತೆಲುಗು. ಮೊದಲ ಮೂರು ಟೆಸ್ಟಿನಲ್ಲಿ ಮೂರು ಸೆಂಚುರಿ ಹೊಡೆದ ಅಜರುದ್ದೀನ್ ಕಾರ್ಡಿನಲ್ಲಿ ಕನ್ನಡದ ಒಂದಕ್ಷರವೂ ಇಲ್ಲ. ಕೊನೆಯದು ಮೀಸೆಯ, ಕನ್ನಡಕದ, ಎಳೆಯ ಅನಿಲ್ ಕುಂಬ್ಳೆ. ಹಿಂದೆ ಖಾಲಿ.

ಯಾರ ಮನೆಯ ಮಗು ಇದು? ಜಾಲಹಳ್ಳಿಯಲ್ಲಿ 1953ರಲ್ಲಿ ಶುರುವಾದ ಎಚ್‌ಎಂಟಿ 60ರ ದಶಕದಲ್ಲಿ ಇದೇ ನರಸಾಪುರ ರಸ್ತೆಯಲ್ಲಿ ಘಟಕ ತೆರೆದಿತ್ತು. ಅದರ ಜೊತೆ ಬೆಂಗಳೂರಿನಿಂದ ಬಂದ ಸಂಸಾರಗಳಿದ್ದವು. ಅಂಥದ್ದೇ ಒಂದು ಮನೆ ಇರಬಹುದು ಅಂತ ಮರುವಾರ ಮತ್ತೆ ಹೋಗಿ ಗುಜರಿಯವನನ್ನು ಕೇಳಿದೆ. ರ‍್ಯಾಕು ಚಿಂತಲ್ ಕಡೆಯಿಂದ ಒಂದು ಟೆಂಪೊದಲ್ಲಿ ಬಂತು, ಮನೆ ಕೆಡವುತ್ತಿದ್ದರು, ಅಷ್ಟೇ ಗೊತ್ತು ಅಂದ. ಆ ಕಡೆ ಎರಡು ಗಲ್ಲಿ ಸುತ್ತಿ, ಒಂದು ಕಿರಾಣಿ ಅಂಗಡಿ, ಒಂದು ಇಸ್ತ್ರಿ ಬಂಡಿಯಲ್ಲಿ ವಿಚಾರಿಸಿ, ಚಹಾ ಕುಡಿದು ಬಂದೆ. ಆ ಮಗುವಿಗೆ ಈಗ ಐವತ್ತರ ಹತ್ತಿರ ಇರಬೇಕು. ಇದನ್ನು ಓದುತ್ತಿದ್ದರೆ ದಯವಿಟ್ಟು ತಿಳಿಸಿ, ಡಬ್ಬಿ ನಿಮ್ಮದು.

ನನ್ನ ಮಗಳಿಗೆ ಹತ್ತು ವರ್ಷ. ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಕಲಿಸೋಣ ಕಲಿಸೋಣ ಅನ್ನುತ್ತಲೇ ಐದು ಬೇಸಿಗೆ ರಜೆ ಹೋದವು. ತಪ್ಪು ನನ್ನದೇ. ಶಾಲೆಯಲ್ಲಿ ತೆಲುಗು ಇದೆ, ಚೆನ್ನಾಗಿ ಓದುತ್ತಾಳೆ. ಕಾರ್ಡುಗಳನ್ನು ನೆಲದ ಮೇಲೆ ಹರಡಿ ಕೂತಿದ್ದಾಗ ಅಜರುದ್ದೀನ್ ಕಾರ್ಡು ಎತ್ತಿಕೊಂಡು ಗಟ್ಟಿಯಾಗಿ ಓದಿದಳು. ಆಮೇಲೆ ಶಿವಲಾಲ್ ಯಾದವ್. ಬಿನ್ನಿಗೆ ಬಂದಾಗ ‘ಅಪ್ಪಾ, ಈ ತೆಲುಗು ಯಾಕೆ ವಂಕರ ಟಿಂಕರ ಇದೆ?’ ಅಂದಳು. ‘ಅದು ಕನ್ನಡ ಪುಟ್ಟಿ’ ಅಂದೆ.

ಹುಡುಗ ಹೋದ ದಾರಿಯಲ್ಲೇ ಅವಳು ಈಗ ಹಿಂದಕ್ಕೆ ಬರುತ್ತಿದ್ದಾಳೆ, ರಾತ್ರಿಗೆ ಒಂದು ಕಾರ್ಡು. ಕಿರ್ಮಾನಿ ಮುಗಿಯಲು ಎರಡು ದಿನ ಬೇಕಾಯಿತು. ತ ಮತ್ತು ಶ ಬಂದಾಗ ಎಡವುತ್ತಾಳೆ. ಭಟ್ಟರ ಕಾರ್ಡನ್ನು ಇಬ್ಬರೂ ಸೇರಿ ಸುತ್ತ ತಿರುಗಿಸಿ ಓದಿದೆವು. ನಿನ್ನೆ ಚಂದ್ರಶೇಖರ್. 242ರ ಮುಂದೆ 167 ನೋಡಿ, ಬರೆದವರು ಉಲ್ಟಾ ಬರೆದಿದ್ದಾರೆ ಅಂತ ವಾದ ಮಾಡಿದಳು. ವಿಕೆಟ್ಟಿಗಿಂತ ರನ್ನು ಕಮ್ಮಿ ಇರಲು ಹೇಗೆ ಸಾಧ್ಯ? ನನ್ನ ಮಾತು ನಂಬದೆ ಅಮ್ಮನ ಫೋನು ಇಸಿದುಕೊಂಡು ಹುಡುಕಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸರಿಯಾಗೇ ಇದೆ’ ಅಂದು ಪ್ರಸನ್ನರ ಕಾರ್ಡು ತೆಗೆದುಕೊಂಡಳು.