ದೂರು ಕೊಟ್ಟವನೇ ಕಳ್ಳನೆ?

ಚೆಕ್ ಎಂಜಿನ್ ದೀಪ ಹತ್ತಿದರೆ ಕಾರಿನ ಮಾಲೀಕರಿಗೆ ತಲೆನೋವು. ಸೆನ್ಸರ್‌ಗಳ ಹುಚ್ಚು ಹತ್ತಿದ ಮೆಕ್ಯಾನಿಕ್‌ಗೆ ಹಬ್ಬ. ಸ್ಕ್ಯಾನರ್ ಸಿಕ್ಕಿಸುತ್ತಾನೆ. ಪಿ0171 ಎಂಬ ಕೋಡ್: ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. "ಆಕ್ಸಿಜನ್ ಸೆನ್ಸರ್ ಹೋಗಿದೆ ಸಾರ್, ಹೊಸದು ಹಾಕ್ಸಿಬಿಡಿ" ಅನ್ನುವುದು ಸುಲಭ. ಅವನು ಅನ್ನುವುದಿಲ್ಲ. ಹಾಗೆ ಅಂದರೆ ಕಳ್ಳತನದ ದೂರು ಕೊಡಲು ಬಂದವನನ್ನೇ ಲಾಕಪ್ಪಿಗೆ ತಳ್ಳಿದ ಹಾಗೆ.

ಹಿಂದೆ ನಮ್ಮಲ್ಲಿ ಮೈಕೋ ಎನಿಸಿದ್ದ ಕಂಪನಿಯ ಜರ್ಮನ್ ಮೂಲಸಂಸ್ಥೆ ಬಾಷ್ ತಯಾರಿಸಿದ ಈ ಆಕ್ಸಿಜನ್ ಸೆನ್ಸರ್, 1976ರಲ್ಲಿ ವೋಲ್ವೊ ಕಾರುಗಳಲ್ಲಿ ಬಂತು. ಕ್ಯಾಲಿಫೋರ್ನಿಯಾದ ಹೊಗೆ ನಿಯಮ ಅಷ್ಟು ಬಿಗಿಯಾಗಿತ್ತು. ಆಗ 'ಲ್ಯಾಂಬ್ಡಾ ಸೋಂಡ್' ಎಂಬ ಬಿಲ್ಲೆಯನ್ನು ಮುಂದಿನ ಗ್ರಿಲ್ಲಿಗೇ ಹಾಕುತ್ತಿದ್ದರು. ಈಗ ಇದರ ಹೆಸರು ಮಾಲೀಕರಿಗೆ ತಿಳಿಯುವುದು ಬಿಲ್ ಕೈಗೆ ಬಂದಾಗ.

ಒಂದು ಗ್ರಾಂ ಪೆಟ್ರೋಲಿಗೆ 14.7 ಗ್ರಾಂ ಗಾಳಿ ಎಂಬುದು ಲೆಕ್ಕ. ಪೆಟ್ರೋಲ್ ಹೆಚ್ಚಾದರೆ ಹೊಗೆ ಕೊಳವೆಯಲ್ಲಿ ಕೂತ ಸೆನ್ಸರಿನೊಳಗಿನ ಕಾದ ಜಿರ್ಕೋನಿಯಾ ಸುಮಾರು 0.9 ವೋಲ್ಟ್ ಕೊಡುತ್ತದೆ, ಕಡಿಮೆಯಾದರೆ 0.1. ಕಂಪ್ಯೂಟರ್ ಅದನ್ನು ನೋಡಿ ಪೆಟ್ರೋಲ್ ಏರಿಸುತ್ತದೆ, ಇಳಿಸುತ್ತದೆ. ಸ್ಕ್ಯಾನರಿನಲ್ಲಿ ಆ ವೋಲ್ಟೇಜಿನ ಗೆರೆ ಮೇಲೆ ಕೆಳಗೆ ಕುಣಿಯುವುದನ್ನು ಎಷ್ಟು ಹೊತ್ತು ನೋಡಿದರೂ ಅವನಿಗೆ ಬೇಸರವಿಲ್ಲ.

ಈ ಸೆನ್ಸರಿಗೆ ಗೊತ್ತಿರುವುದು ಆಮ್ಲಜನಕ ಮಾತ್ರ, ಪೆಟ್ರೋಲ್ ಅಲ್ಲ. ಒಂದು ಸ್ಪಾರ್ಕ್ ಪ್ಲಗ್ ಕೈಕೊಟ್ಟಿತೆನ್ನಿ. ಆ ಸಿಲಿಂಡರಿನ ಪೆಟ್ರೋಲೂ ಗಾಳಿಯೂ ಉರಿಯದೆ ಹಾಗೇ ಹೊರಬರುತ್ತವೆ. ಸೆನ್ಸರ್ ಗಾಳಿಯನ್ನಷ್ಟೇ ಕಂಡು "ಪೆಟ್ರೋಲ್ ಸಾಲದು" ಎನ್ನುತ್ತದೆ, ಕಂಪ್ಯೂಟರ್ ನಂಬಿ ಇನ್ನಷ್ಟು ಸುರಿಯುತ್ತದೆ, ಸೆನ್ಸರಿನ ಹಿಂದಿರುವ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಂಪಗೆ ಕಾಯುತ್ತದೆ. ಪ್ಲಗ್ ಬಿಟ್ಟು ಸೆನ್ಸರ್ ಬದಲಿಸಿದವರ ದುಡ್ಡು ನೀರಲ್ಲಿ ಹೋಮ.

ಅದಕ್ಕೇ ಅವನು ಮೊದಲು ಫ್ಯೂಯಲ್ ಟ್ರಿಮ್ ನೋಡುತ್ತಾನೆ, ಅಂದರೆ ಕಂಪ್ಯೂಟರ್ ಲೆಕ್ಕಕ್ಕಿಂತ ಎಷ್ಟು ಪೆಟ್ರೋಲ್ ಹೆಚ್ಚು ಇಲ್ಲವೇ ಕಡಿಮೆ ಹಾಕುತ್ತಿದೆ ಎಂಬ ಶೇಕಡಾ ಅಂಕಿ. ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಇರುವ ಕಾರು, ನಿಂತಲ್ಲಿ ಗುರುಗುಟ್ಟುವಾಗ ಶೇ. 20, ಆಕ್ಸಿಲರೇಟರ್ ಒತ್ತಿದಾಗ ಶೇ. 3 ತೋರಿಸಿದರೆ, ಎಲ್ಲೋ ಕಳ್ಳಗಾಳಿ ನುಗ್ಗುತ್ತಿದೆ. ಏರ್ ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸನ್ನು ಕೈಯಲ್ಲಿ ಬಗ್ಗಿಸಿದರೆ ಮಡಿಕೆಯ ಒಳಗೆ ಕೂದಲೆಳೆಯ ಸೀಳು ಬಾಯಿ ತೆರೆಯುತ್ತದೆ. ಲೋಡ್ ಏರಿದಷ್ಟೂ ಅಂಕಿ ಏರಿದರೆ ಮಾತ್ರ ಪೆಟ್ರೋಲ್ ಪಂಪ್, ಫಿಲ್ಟರ್, ಇಲ್ಲವೇ ಧೂಳು ಕೂತ ಏರ್‌ಫ್ಲೋ ಸೆನ್ಸರ್ ಕಡೆ ಅನುಮಾನ.

ಕೋಡೇ ಬಾರದ ಕೇಸುಗಳು ಇನ್ನೂ ರುಚಿ. ಮೈಲೇಜ್ ಬಿದ್ದಿದೆ, ದೀಪ ಹತ್ತಿಲ್ಲ. ಕೂಲೆಂಟ್ ಸೆನ್ಸರಿನ ರೋಧ ತಣ್ಣಗಿದ್ದಾಗ ಸಾವಿರಾರು ಓಮ್, ಬಿಸಿಯಾದಾಗ ಕೆಲವು ನೂರು. ಬಿಸಿಯಾದ ಮೇಲೂ ಅದು ತಣ್ಣಗಿದೆಯೆಂದು ತಪ್ಪು ಹೇಳಿದರೆ, ಎಂಜಿನ್ ಇನ್ನೂ ಬಿಸಿಯೇರಿಲ್ಲವೆಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ಸುರಿಯುತ್ತದೆ. ಆ ಸೆನ್ಸರನ್ನು ಕಳಚುವ ಮೊದಲು ಅವನು ಥರ್ಮೋಸ್ಟಾಟ್ ತೆರೆದೇ ಕೂತಿದೆಯೇ ನೋಡುತ್ತಾನೆ. ಹಾಗಾಗಿದ್ದರೆ ಎಂಜಿನ್ ನಿಜಕ್ಕೂ ತಣ್ಣಗಿದೆ, ಸೆನ್ಸರ್ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದೆ.