ಅಂಗೈ ಅಗಲದ ನೆಲ

ಭಾನುವಾರ ಬೆಳಗಿನ ಐದೂವರೆಗೆ ಹೆಬ್ಬಾಳದ ಮೇಲ್ಸೇತುವೆಯಲ್ಲಿ ಬೆಂಗಳೂರು ಬೇರೆಯೇ ಊರಿನಂತೆ ಕಾಣುತ್ತದೆ. ಕೆಳಗೆ ಕೆರೆಯ ಮೇಲೆ ತೆಳುವಾದ ಮಂಜು. ಬಳ್ಳಾರಿ ರಸ್ತೆಯ ತುಂಬ ವಿಮಾನಕ್ಕೆ ಹೊತ್ತಾದವರ ಟ್ಯಾಕ್ಸಿಗಳು. ಅವುಗಳ ನಡುವೆ ಆಗಾಗ ತಗ್ಗಿದ ದನಿಯಲ್ಲಿ ಗುರುಗುಟ್ಟುತ್ತ ಹಾದು ಹೋಗುವ ಪುಟ್ಟ ಕಾರುಗಳು. ಅವಕ್ಕೆ ವಿಮಾನ ಹಿಡಿಯುವ ಅವಸರವಿಲ್ಲ. ದೇವನಹಳ್ಳಿ ದಾಟಿ, ನಂದಿಬೆಟ್ಟದ ತಿರುವುಗಳನ್ನು ಏರಿ, ಸೂರ್ಯ ಹುಟ್ಟುವುದನ್ನು ನೋಡಿ, ತಟ್ಟೆ ಇಡ್ಲಿ ತಿಂದು ಒಂಬತ್ತಕ್ಕೆಲ್ಲ ಮನೆಗೆ ಮರಳುವ ಮಂದಿ ಅವರು.

ಇಂಥ ಕಾರಿಗೆ ಇಂಗ್ಲಿಷಿನವರು ಹಾಟ್ ಹ್ಯಾಚ್ ಎಂದು ಹೆಸರಿಟ್ಟಿದ್ದಾರೆ. ಕನ್ನಡದಲ್ಲಿ ಹೆಸರಿಲ್ಲ. ಬೇಕಾದರೆ 'ಮೆಣಸಿನಕಾಯಿ' ಎನ್ನಬಹುದು. ಗಾತ್ರ ಚಿಕ್ಕದು, ಬೆನ್ನಿಗೊಂದು ಬಾಗಿಲು, ಹೊಟ್ಟೆಯಲ್ಲಿ ಮಾತ್ರ ಅಳತೆಗೆ ಮೀರಿದ ಎಂಜಿನ್. 1976ರಲ್ಲಿ ಜರ್ಮನಿಯ ಗಾಲ್ಫ್ ಜಿಟಿಐ ಮಾರುಕಟ್ಟೆಗೆ ಬಂದಾಗ ಜನಪ್ರಿಯವಾದ ಜಾತಿ ಇದು. ನಮ್ಮಲ್ಲಿ 2001ರ ಫಿಯೆಟ್ ಪಾಲಿಯೋ 1.6 ಈ ಹುಚ್ಚನ್ನು ಹಚ್ಚಿತು. 2013ರಲ್ಲಿ ಬಂದ ಪೋಲೊ ಜಿಟಿ ಟಿಎಸ್‌ಐ ಅದನ್ನು ಮಧ್ಯಮ ವರ್ಗದ ಗ್ಯಾರೇಜಿಗೂ ತಂದಿತು. 1.2 ಲೀಟರಿನ ಟರ್ಬೊ ಎಂಜಿನ್, 105 ಅಶ್ವಶಕ್ತಿ, ಏಳು ಗೇರಿನ ಆಟೊಮ್ಯಾಟಿಕ್. ನಿಂತಲ್ಲಿಂದ ನೂರು ಕಿ.ಮೀ. ವೇಗ ಮುಟ್ಟಲು ಹತ್ತು ಸೆಕೆಂಡೂ ಬೇಡ ಎಂದು ಕಂಪನಿ ಹೇಳಿಕೊಂಡಿತ್ತು. ಇದನ್ನು ಹಾಟ್ ಹ್ಯಾಚ್ ಎನ್ನಲು ಒಪ್ಪದ ಮಡಿವಂತರೂ ಇದ್ದಾರೆ, ಅವರ ಪಾಡಿಗೆ ಅವರನ್ನು ಬಿಡೋಣ. 2022ರಲ್ಲಿ ಪೋಲೊ ತಯಾರಿಕೆಯೇ ಇಲ್ಲಿ ನಿಂತಿತು. ಇರುವವರು ಮಾರಲು ಮನಸ್ಸಿಲ್ಲದೆ ಇಟ್ಟುಕೊಂಡಿದ್ದಾರೆ.

ಆರ್.ಟಿ. ನಗರದ ಗೃಹಸ್ಥರೊಬ್ಬರ ಬಳಿ 2014ರ ಕೆಂಪು ಪೋಲೊ ಇದೆ. ಲೆಕ್ಕಪತ್ರದ ಕೆಲಸ, ಮಾತು ಕಡಿಮೆ, ಕಾರಿನ ಮೇಲೆ ಮಾತ್ರ ಮಗುವಿನಷ್ಟೇ ಮಮತೆ. ಕಳೆದ ಮಳೆಗಾಲದ ಒಂದು ಸಂಜೆ ಯಲಹಂಕದ ಮಾವನ ಮನೆಯಿಂದ ಹೆಂಡತಿ, ಮಗಳೊಂದಿಗೆ ವಾಪಸಾಗುತ್ತಿದ್ದರು. ಆಗಷ್ಟೇ ಸುರಿದು ನಿಂತ ಮಳೆ. ಎತ್ತರಿಸಿದ ರಸ್ತೆ ಹೆಬ್ಬಾಳದ ಕಡೆಗೆ ಇಳಿಯುವಲ್ಲಿ ಮುಂದಿನ ವಾಹನಗಳ ಕೆಂಪು ದೀಪಗಳು ಒಮ್ಮೆಗೇ ಹತ್ತಿಕೊಂಡವು. ವೇಗ ಅರವತ್ತರ ಆಸುಪಾಸು, ಹೆಚ್ಚೇನಲ್ಲ. ಬ್ರೇಕ್ ಒತ್ತಿದರು. ಕಾಲಡಿಯಲ್ಲಿ ಪೆಡಲು ಗಡಗಡ ನಡುಗಿತು, ಎಬಿಎಸ್ ತನ್ನ ಕೆಲಸ ಮಾಡುತ್ತಿತ್ತು. ಕಾರು ಮಾತ್ರ ಎಣ್ಣೆ ಹಚ್ಚಿದ ಹಲಗೆಯ ಮೇಲೆ ಜಾರಿದಂತೆ ಜಾರಿ, ಮುಂದಿನ ಟೆಂಪೊ ಇನ್ನೊಂದು ಮೊಳ ಇದೆ ಎನ್ನುವಾಗ ನಿಂತಿತು.

“ಅಪ್ಪಾ, ಕಾರು ಯಾಕೆ ಜಾರ್‍ತು?” ಎಂದು ಕೇಳಿದಳು ಆರು ವರ್ಷದ ಮಗಳು. ಹೆಂಡತಿ ಏನೂ ಕೇಳಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಮರುದಿನ ಬೆಳಿಗ್ಗೆ ಟೈರುಗಳನ್ನು ನೋಡಿದರೆ ಎಲ್ಲವೂ ಸರಿಯಾಗಿಯೇ ಇತ್ತು. ಬೋಳಾಗಿಲ್ಲ, ಉಬ್ಬಿಲ್ಲ, ಗೀರುಗಳು ಆಳವಾಗಿಯೇ ಇವೆ. ಮೂಲೆಯ ಪಂಕ್ಚರ್ ಅಂಗಡಿಯ ಹುಡುಗ ಉಗುರಿನಿಂದ ಒತ್ತಿ ನೋಡಿ, “ಗ್ರಿಪ್ ಇದೆ ಸಾರ್, ಇನ್ನೂ ಹದಿನೈದು ಸಾವಿರ ಓಡ್ತದೆ” ಎಂದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಗೀರುಗಳ ನಡುವೆ 1.6 ಮಿ.ಮೀ. ಎತ್ತರದ ಪುಟ್ಟ ದಿಬ್ಬಗಳಿರುತ್ತವೆ. ಟೈರು ಸವೆದು ಆ ದಿಬ್ಬಗಳ ಮಟ್ಟಕ್ಕೆ ಬಂದರೆ ಅದರ ಆಯುಸ್ಸು ಮುಗಿದಂತೆ. ಇವರದು ಅದರ ಹತ್ತಿರಕ್ಕೂ ಬಂದಿರಲಿಲ್ಲ.

ತೊಂದರೆ ಇದ್ದುದು ಟೈರಿನ ಪಕ್ಕೆಯ ಮೇಲೆ, ಒಂದು ಸಣ್ಣ ಅಂಡಾಕಾರದ ಚೌಕಟ್ಟಿನೊಳಗೆ: 2317. ಎಂದರೆ 2017ನೇ ಇಸವಿಯ 23ನೇ ವಾರ. ಟೈರಿನ ಜಾತಕ ಇರುವುದು ಈ ನಾಲ್ಕು ಅಂಕಿಗಳಲ್ಲಿ. 2020ರಲ್ಲಿ ಕಚೇರಿ ಮನೆಗೇ ಬಂದ ಮೇಲೆ ಕಾರು ಓಡಿದ್ದು ಕಡಿಮೆ, ಬಿಸಿಲಿನಲ್ಲಿ ನಿಂತದ್ದೇ ಹೆಚ್ಚು. ರಬ್ಬರು ಓಡಿದರೆ ಸವೆಯುತ್ತದೆ, ನಿಂತರೆ ಗಟ್ಟಿಯಾಗುತ್ತದೆ. ಗಟ್ಟಿಯಾದ ರಬ್ಬರು ಒಣ ರಸ್ತೆಯಲ್ಲಿ ಹೇಗೋ ಸಂಭಾಳಿಸಿಕೊಳ್ಳುತ್ತದೆ. ಒದ್ದೆ ರಸ್ತೆಯಲ್ಲಿ ಅದರ ಬಣ್ಣ ಬಯಲಾಗುತ್ತದೆ.

ಉತ್ತರ ಬೆಂಗಳೂರಿನಲ್ಲಿ ಒದ್ದೆ ರಸ್ತೆಯ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2021ರ ನವೆಂಬರಿನಲ್ಲಿ, ಮತ್ತೆ 2024ರ ಅಕ್ಟೋಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯದೊಳಕ್ಕೆ ನೀರು ನುಗ್ಗಿದ್ದು ಈ ಭಾಗದವರಿಗೆ ನೆನಪಿದೆ. ಅಂಥ ಪ್ರವಾಹದಲ್ಲಿ ಕಾರು ತೆಗೆಯುವ ಪ್ರಶ್ನೆಯೇ ಇಲ್ಲ. ಟೈರು ಸೋಲುವುದು ರಸ್ತೆಯ ಮೇಲೆ ಎರಡು-ಮೂರು ಮಿಲಿಮೀಟರ್ ನೀರು ಕನ್ನಡಿಯಂತೆ ಹರಡಿ ನಿಂತಾಗ. ಲೆಕ್ಕ ಹಾಕಿದರೆ, ಮೂರು ಮಿ.ಮೀ. ನೀರಿನ ಮೇಲೆ ಎಂಬತ್ತರ ವೇಗದಲ್ಲಿ ಉರುಳುವಾಗ 185 ಮಿ.ಮೀ. ಅಗಲದ ಒಂದು ಟೈರು ಪ್ರತಿ ಸೆಕೆಂಡಿಗೆ ಸುಮಾರು 12 ಲೀಟರ್ ನೀರನ್ನು ಆಚೀಚೆ ತಳ್ಳಬೇಕು. ಹೆಚ್ಚುಕಡಿಮೆ ಒಂದು ಬಕೆಟ್. ತಳ್ಳಲಾಗದಿದ್ದರೆ ಕಾರು ನೀರಿನ ಮೇಲೇ ತೇಲುತ್ತದೆ. ಒಂದು ಟನ್ನಿಗೂ ಮಿಕ್ಕ ತೂಕ ನೆಲ ಮುಟ್ಟುವುದು ನಾಲ್ಕೇ ನಾಲ್ಕು ಕಡೆ, ಒಂದೊಂದು ಕಡೆಯೂ ಅಂಗೈ ಅಗಲ.

ಹೀಗೆ ಟೈರು ಹುಡುಕುವ ಯಾತ್ರೆ ಶುರುವಾಯಿತು. ಮೊದಲ ಅಂಗಡಿ ಮನೆಯ ಹತ್ತಿರವೇ, ಗಾಜಿನ ಗೋಡೆ, ತಂಪು ಗಾಳಿ, ಕೂರಲು ಸೋಫಾ. ಪೋಲೊ ಕಂಡದ್ದೇ ಮಾರಾಟದ ಯುವಕನ ಮುಖ ಅರಳಿತು. ಈಗಿನ 15 ಇಂಚಿನ ಚಕ್ರಗಳನ್ನು ತೆಗೆದು 16 ಇಂಚಿನ ಅಲಾಯ್ ಹಾಕಿ, 195/50 ಟೈರು ಏರಿಸಿದರೆ “ಲುಕ್ಕೇ ಬೇರೆ ಸಾರ್” ಎಂದ. ಅದು ನಿಜ. ಚಕ್ರ ದೊಡ್ಡದಾಗಿ ರಬ್ಬರಿನ ಪಕ್ಕೆ ತೆಳುವಾದರೆ ಯಾವ ಕಾರಿಗೂ ಠೀವಿ ಬರುತ್ತದೆ. ತಿರುವಿನಲ್ಲಿ ಸ್ಟೀರಿಂಗ್ ಚುರುಕಾಗಿ ಮಾತು ಕೇಳುತ್ತದೆ.

ಇಲ್ಲಿ ಅಂಕಿಗಳ ಬಗ್ಗೆ ಎರಡು ಮಾತು. ಪೋಲೊ ಕಂಪನಿಯಿಂದ ಬಂದ ಅಳತೆ 185/60 ಆರ್ 15. ಮೊದಲನೆಯದು ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕೆಯ ಎತ್ತರ, ಅಗಲದ ಶೇಕಡಾ ಲೆಕ್ಕದಲ್ಲಿ. ಮೂರನೆಯದು ಡಿಸ್ಕಿನ ಅಡ್ಡಳತೆ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮೂರು ಬಗೆಯ ಮಾಪನ. ಸಂತೆಯಲ್ಲಿ ಸೇರು, ಮೊಳ, ಡಜನ್ನು ಒಟ್ಟಿಗೆ ಇದ್ದ ಹಾಗೆ. 'ಆರ್' ಎಂದರೆ ರಿಮ್ಮೂ ಅಲ್ಲ, ರೇಡಿಯಸ್ಸೂ ಅಲ್ಲ, ರೇಡಿಯಲ್. ಫ್ರಾನ್ಸಿನ ಮಿಷೆಲಿನ್ 1946ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದ ಹೆಸರು ಅದು.

ಲೆಕ್ಕಪತ್ರದ ಮನುಷ್ಯರಿಗೆ ಇದು ಬಾಯಿಲೆಕ್ಕ. ಈಗಿನ ಟೈರಿನ ಪಕ್ಕೆ 111 ಮಿ.ಮೀ. ಯುವಕ ಹೇಳಿದ್ದರಲ್ಲಿ 97.5. ಆ ಹದಿಮೂರೂವರೆ ಮಿಲಿಮೀಟರ್ ಬರೀ ರಬ್ಬರಲ್ಲ, ಡಿಸ್ಕಿಗೂ ಗುಂಡಿಗೂ ನಡುವಿನ ದಿಂಬು. ಪೈಪಿಗೆಂದು ಅಗೆದು, ಮುಚ್ಚಿ, ಮತ್ತೆ ಕೇಬಲಿಗೆಂದು ಅಗೆದ ಆರ್.ಟಿ. ನಗರದ ಅಡ್ಡರಸ್ತೆಗಳಲ್ಲಿ ಆ ದಿಂಬಿನ ಬೆಲೆ ಗೊತ್ತಾಗುತ್ತದೆ. ರಾತ್ರಿ ಕಾಣದ ಗುಂಡಿಗೆ ತೆಳು ಪಕ್ಕೆಯ ಟೈರು ಬಿದ್ದರೆ ಒಳಗಿನ ನೂಲು ಹರಿದು ಮೊಟ್ಟೆಯಂತೆ ಉಬ್ಬುತ್ತದೆ, ಅಲಾಯ್ ಬಿರುಕು ಬಿಟ್ಟರೂ ಬಿಟ್ಟೀತು. ಸೋಫಾದಿಂದ ಎದ್ದರು.

ಎರಡನೆಯ ಅಂಗಡಿ ಯಶವಂತಪುರದಲ್ಲಿ, ಎಪಿಎಂಸಿ ಯಾರ್ಡಿನಿಂದ ಹೆಚ್ಚು ದೂರವಿಲ್ಲ. ಅಲ್ಲಿ ಸೋಫಾ ಇಲ್ಲ, ಹಳೆಯ ಲಾರಿ ಟೈರೇ ಆಸನ. ಈರುಳ್ಳಿ ಮೂಟೆ ಇಳಿಸಿ ಬಂದ ಲಾರಿಗಳ ನಡುವೆ ಕೆಂಪು ಪೋಲೊ ಮದುವೆ ಮನೆಯಲ್ಲಿ ದಾರಿ ತಪ್ಪಿದ ಕೂಸಿನಂತೆ ನಿಂತಿತು. ಯಜಮಾನರಿಗೆ ಅರವತ್ತರ ಮೇಲೆ. ಮೈಸೂರಿನ ವಿಕ್ರಾಂತ್ ಟೈರು ಇನ್ನೂ ಜೆ.ಕೆ. ಕೈಗೆ ಹೋಗದಿದ್ದ ಕಾಲದಿಂದ, ಎಂದರೆ 1997ಕ್ಕೂ ಮೊದಲಿನಿಂದ ಇದೇ ಕಸುಬು. ಅವರು ಟೈರು ತೋರಿಸುವ ಮೊದಲು ಪ್ರಶ್ನೆ ಕೇಳಿದರು.

“ದಿನಾ ಎಲ್ಲಿ ಓಡಿಸ್ತೀರಿ?”

“ಆರ್.ಟಿ. ನಗರದಿಂದ ಇಲ್ಲೇ ಬಿಇಎಲ್ ಸರ್ಕಲ್ ಕಡೆಗೆ. ವಾರಕ್ಕೊಮ್ಮೆ ಯಲಹಂಕ.”

“ಮತ್ತೆ ನಂದಿ?”

“ತಿಂಗಳಿಗೊಮ್ಮೆ.”

“ಹಾಗಾದ್ರೆ ತಿಂಗಳಿಗೊಂದು ದಿನದ ಟೈರು ಬೇಡ ಯಜಮಾನ್ರೇ. ಇಪ್ಪತ್ತೊಂಬತ್ತು ದಿನದ್ದು ತಗೊಳ್ಳಿ.”

ಆ ಇಪ್ಪತ್ತೊಂಬತ್ತು ದಿನದ ದಾರಿಯನ್ನು ಒಮ್ಮೆ ನೋಡಬೇಕು. ಇಪ್ಪತ್ತು ಕಿಲೋಮೀಟರಿನೊಳಗೆ ಇಷ್ಟು ಬಗೆಯ ನೆಲ ಇರುವ ಊರು ಅಪರೂಪ. ಒಳರಸ್ತೆಗಳಲ್ಲಿ ತೇಪೆ ಹಾಕಿದ ಡಾಂಬರು, ಅಳತೆ ಇಲ್ಲದ ಉಬ್ಬುಗಳು. ವೈಟ್‌ಟಾಪಿಂಗ್ ಆದ ಕಡೆ ಸಿಮೆಂಟು. ಅದರ ಮೇಲೆ ಗಟ್ಟಿ ಟೈರು ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತದೆ. ಹೊರವರ್ತುಲ ರಸ್ತೆಯ ಮೆಟ್ರೊ ಕಾಮಗಾರಿಯುದ್ದಕ್ಕೂ ಕಂಬಿ ಕಟ್ಟುವ ತಂತಿಯ ಚೂರುಗಳು, ಮೊಳೆಗಳು. ಹೆಬ್ಬಾಳ ದಾಟಿದ ಕೂಡಲೇ ನುಣುಪಾದ ಎತ್ತರಿಸಿದ ರಸ್ತೆ, ಕಾಲು ತಾನಾಗಿ ಭಾರವಾಗುವಂಥದ್ದು. ವಿಮಾನ ನಿಲ್ದಾಣ 2008ರಲ್ಲಿ ದೇವನಹಳ್ಳಿಗೆ ಹೋದ ಮೇಲೆ ಈ ಹೆದ್ದಾರಿಯ ಚಹರೆಯೇ ಬದಲಾಯಿತು. ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ 44ನೇ ಸಂಖ್ಯೆಯ ಹೆದ್ದಾರಿ ಎಂಬುದನ್ನು ಜನ ಮರೆತು 'ಏರ್‌ಪೋರ್ಟ್ ರೋಡ್' ಎನ್ನುತ್ತಾರೆ.

ಯಜಮಾನರ ಬಳಿ ಇನ್ನೊಂದು ಪ್ರಸ್ತಾಪವಿತ್ತು. ಇದೇ ಡಿಸ್ಕಿಗೆ 195/60 ಕೂರುತ್ತದೆ, ಅನೇಕರು ಹಾಕಿಸುತ್ತಾರೆ. ಪಕ್ಕೆ ಆರು ಮಿಲಿಮೀಟರ್ ಹೆಚ್ಚು, ಗುಂಡಿಗೆ ಒಳ್ಳೆಯದು. ಆದರೆ ಚಕ್ರದ ಒಟ್ಟು ಎತ್ತರ 603ರಿಂದ 615 ಮಿ.ಮೀ.ಗೆ ಏರುತ್ತದೆ, ಸ್ಪೀಡೋಮೀಟರು ಶೇಕಡಾ ಎರಡರಷ್ಟು ಕಡಿಮೆ ತೋರಿಸುತ್ತದೆ. ಅಗಲವಾದ ಟೈರಿಗೆ ತಳ್ಳಬೇಕಾದ ನೀರೂ ಹೆಚ್ಚು. ಹಾಕಬಾರದು ಎಂದೇನೂ ಅಲ್ಲ. ಒದ್ದೆ ರಸ್ತೆಯಲ್ಲಿ ಹೆದರಿ ಬಂದವರಿಗೆ ಅದರಿಂದ ಆಗುವ ಲಾಭ ಕಡಿಮೆ. ಕಂಪನಿಯ ಅಳತೆಯಲ್ಲೇ ಉಳಿಯುವುದೆಂದು ತೀರ್ಮಾನವಾಯಿತು: 185/60 ಆರ್ 15, 84 ಎಚ್. ಆ 84 ಎಂದರೆ ಒಂದು ಟೈರು 500 ಕಿಲೊ ಹೊರಬಲ್ಲದು, ಎಚ್ ಎಂದರೆ ಗಂಟೆಗೆ 210 ಕಿ.ಮೀ.ವರೆಗಿನ ವೇಗ. ಹೆಬ್ಬಾಳದ ಸಿಗ್ನಲಿನಲ್ಲಿ ಕಾಯುವವರಿಗೆ ಧಾರಾಳವಾಗಿ ಸಾಕು.

ಹಳೆಯ ಕಾರಿನವರಿಗೆ ಇನ್ನೊಂದು ಚಿಂತೆಯೂ ಇದೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದಿಗೆ ಪರವಾನಗಿ ಕಡ್ಡಾಯ ಮಾಡಿದ ಮೇಲೆ ಉತ್ಸಾಹಿಗಳು ಬಯಸುವ ಕೆಲವು ವಿದೇಶಿ ಮಾದರಿಗಳು ಸುಲಭವಾಗಿ ಸಿಗುವುದಿಲ್ಲ. ಪುಣ್ಯಕ್ಕೆ ಪೋಲೊದ ಈ ಅಳತೆಯೇ ವೆಂಟೊ, ರ್‍ಯಾಪಿಡ್ ಕಾರುಗಳಿಗೂ ಇದ್ದುದರಿಂದ ಹಲವು ಕಂಪನಿಗಳದು ಸಿಗುತ್ತವೆ. ಕೊನೆಗೆ ಯಾವ ಕಂಪನಿಯದು ಕೊಂಡರು ಎಂದು ಓದುಗರು ಕೇಳಬಹುದು. ಮೂರು ಒಳ್ಳೆಯ ಕಂಪನಿಗಳ ಟೈರುಗಳನ್ನು ಸಾಲಾಗಿ ನಿಲ್ಲಿಸಿ, ಬಗ್ಗಿ ಪಕ್ಕೆ ಓದಿ, ಯಾವುದು ಹುಟ್ಟಿ ಎಂಟೇ ವಾರವಾಗಿತ್ತೋ ಅದನ್ನು ಕೊಂಡರು. ಉಳಿದವುಗಳಲ್ಲಿ ಒಂದಕ್ಕೆ ಎರಡು ವರ್ಷ ತುಂಬಿತ್ತು. ಅದಕ್ಕೆ ಅಂಗಡಿಯಲ್ಲಿ ರಿಯಾಯಿತಿಯೂ ಇತ್ತು.

ಕೊಳ್ಳುವಾಗ ಸಣ್ಣ ಜಟಾಪಟಿಯೂ ನಡೆಯಿತು. ಇವರಿಗೆ ಮೊದಲು ಎರಡೇ ಕೊಳ್ಳುವ ಮನಸ್ಸು. ಎಂಜಿನ್ ಎಳೆಯುವುದು ಮುಂದಿನ ಚಕ್ರಗಳನ್ನು, ಸವೆಯುವುದೂ ಅವೇ, ಹೊಸದು ಮುಂದಕ್ಕೆ ಹಾಕಿದರಾಯಿತು ಎಂಬ ಎಣಿಕೆ. ಊರಿನ ಮುಕ್ಕಾಲು ಪಾಲು ಜನ ಮಾಡುವುದೂ ಅದನ್ನೇ. ಯಜಮಾನರು ತಲೆಯಾಡಿಸಿದರು. ಎರಡೇ ಕೊಂಡರೆ ಹೊಸದು ಹಿಂದಕ್ಕೆ ಹೋಗಬೇಕು. ಮುಂದಿನದು ಜಾರಿದರೆ ಕಾರು ನೇರ ಹೋಗುತ್ತದೆ, ಚಾಲಕನಿಗೆ ತಿಳಿಯುತ್ತದೆ, ಕಾಲು ತೆಗೆದರೆ ಹಿಡಿತ ಮರಳುತ್ತದೆ. ಹಿಂದಿನದು ಜಾರಿದರೆ ಕಾರು ಬುಗುರಿ. ಟೈರು ತಯಾರಕರ ಸಲಹೆಯೂ ಇದೇ. “ನಿಮ್ಮ ನಾಲ್ಕಕ್ಕೂ ಒಂದೇ ವಯಸ್ಸಲ್ವಾ, ನಾಲ್ಕನ್ನೂ ಕಳಿಸಿಕೊಡಿ” ಎಂದರು. ತಿಂಗಳ ಬಜೆಟ್ಟು ನರಳಿತು, ಆದರೆ ಹೆಂಡತಿಯ ಅಂದಿನ ಮೌನ ನೆನಪಿತ್ತು. ಆಮೇಲೆ ನೈಟ್ರೋಜನ್ ಬೇಕೇ ಎಂದು ಹುಡುಗ ಕೇಳಿದಾಗ, ಗಾಳಿಯಲ್ಲೇ ನೂರಕ್ಕೆ 78 ಪಾಲು ಅದೇ ಇರುವಾಗ ಉಳಿದದ್ದಕ್ಕೆ ದುಡ್ಡೇಕೆ ಎಂದು ಇವರೇ ಬೇಡವೆಂದರು. ಪೆಟ್ರೋಲ್ ಮುಚ್ಚಳದ ಒಳಬದಿಯ ಚೀಟಿಯಲ್ಲಿ ಬರೆದಷ್ಟು ಸಾದಾ ಗಾಳಿ ತುಂಬಿಸಿ, ಅಲೈನ್‌ಮೆಂಟ್ ಮಾಡಿಸಿದ್ದಾಯಿತು. ಡಿಕ್ಕಿಯೊಳಗೆ ಒಮ್ಮೆಯೂ ಉರುಳದೆ ಕೂತಿದ್ದ ಸ್ಟೆಪ್ನಿಯ ತಾರೀಖು ನೋಡಿದರೆ 2014. ಅದಕ್ಕೆ ಮುಂದಿನ ತಿಂಗಳು ಎಂದು ಮುಂದೂಡಿದರು.

ಸಂಜೆ ಯಲಹಂಕದಲ್ಲಿ ಮಾವ ಬಗ್ಗಿ ನೋಡಿದರು. ಅವರು ನಿವೃತ್ತರಾದದ್ದು ಅಲ್ಲಿನ ರೈಲು ಗಾಲಿ ಕಾರ್ಖಾನೆಯಿಂದ. ಕರಗಿದ ಉಕ್ಕನ್ನು ಗ್ರಾಫೈಟ್ ಅಚ್ಚಿಗೆ ಒತ್ತಡದಲ್ಲಿ ಏರಿಸಿ ರೈಲಿನ ಗಾಲಿ ಎರಕ ಹೊಯ್ಯುವ ಕಾರ್ಖಾನೆ ಅದು. 1984ರಿಂದ ಕೆಲಸ ಮಾಡುತ್ತಿದೆ. “ಏನಳಿಯಂದಿರೇ, ನಮ್ಮ ಗಾಲಿಗೆ ಗಾಳಿಯೂ ಬೇಡ, ವಯಸ್ಸೂ ಬೇಗ ಆಗಲ್ಲ” ಎಂದರು. ಅಳಿಯ ನಕ್ಕರು. ರೈಲಿಗೆ ಹಳಿ ಇದೆ, ಆರ್.ಟಿ. ನಗರಕ್ಕೆ ಇಲ್ಲ ಎಂದು ಹೇಳಬೇಕೆನಿಸಿತು. ಮಾವನವರ ಮುಂದೆ ಹೇಳಲಿಲ್ಲ.

ಮುಂದಿನ ಭಾನುವಾರ ಐದೂವರೆಗೆ ಕೆಂಪು ಪೋಲೊ ಹೆಬ್ಬಾಳ ದಾಟಿತು. ಹೊಸ ಟೈರಿನ ಮೈಮೇಲೆ ಅಚ್ಚಿನಿಂದ ಬಂದ ಜಿಡ್ಡಿನ ಪೊರೆ ಇರುತ್ತದೆ. ಮೊದಲ ಇನ್ನೂರು-ಮುನ್ನೂರು ಕಿಲೋಮೀಟರ್ ಮೆಲ್ಲಗೆ ಓಡಿಸಿ ಎಂದಿದ್ದರು ಯಜಮಾನರು. ರಾತ್ರಿ ಹನಿ ಬಿದ್ದು ರಸ್ತೆ ಹೊಳೆಯುತ್ತಿತ್ತು. 1,478 ಮೀಟರ್ ಎತ್ತರದ ಬೆಟ್ಟದ ಬುಡದಲ್ಲಿ ಹಳೆಯ ಮಾರುತಿ ಝೆನ್ ಒಂದು ಹಾರ್ನ್ ಹೊಡೆದು ಮುಂದೆ ಹೋಯಿತು. ಮಗಳು ಹಿಂದಿನ ಸೀಟಿನಿಂದ, “ಅಪ್ಪಾ, ಅವರು ಹೋದ್ರು!” ಎಂದಳು. “ಹೋಗ್ಲಿ ಬಿಡಮ್ಮ” ಎಂದು ಅವರು ಎಡಕ್ಕೆ ಸರಿದು ಮುಂದಿನ ತಿರುವಿಗೆ ಗೇರು ಇಳಿಸಿದರು.