ಎರಡೂ ಕಡೆ ಬಿಗಿ

ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾನು ಫಿಟ್ಟರ್. ಬಾಯ್ಲರಿನ ಹೊಗೆಯನ್ನು ಎಳೆದು ಚಿಮಣಿಗೆ ತಳ್ಳುವ ಐ.ಡಿ. ಫ್ಯಾನಿನ ಉಸ್ತುವಾರಿ ನನ್ನದು. ಅದರ ಶಾಫ್ಟ್ ಎರಡು ತುದಿಯಲ್ಲೂ ಪ್ಲಮ್ಮರ್ ಬ್ಲಾಕಿನ ಮೇಲೆ ಕೂತಿದೆ. ಒಳಗೆ ಎರಡು ಸಾಲು ರೋಲರ್ ಇರುವ ಬೇರಿಂಗ್.

ಒಂದು ವರ್ಷ ಹಂಗಾಮಿಗೆ ಮೊದಲು ಬೇರಿಂಗ್ ಬದಲಿಸುವ ಕೆಲಸವನ್ನು ಹೊರಗಿನ ಗುತ್ತಿಗೆದಾರರಿಗೆ ಕೊಟ್ಟರು. ನಮ್ಮನ್ನು ಮಿಲ್ ಹೌಸಿಗೆ ಹಾಕಿದ್ದರು. ನಾವು ನೋಡುವಾಗ ಬ್ಲಾಕಿನ ಮುಚ್ಚಳ ಬಿಗಿದು ಬಣ್ಣವನ್ನೂ ಹೊಡೆದಾಗಿತ್ತು.

ಕಬ್ಬು ನುರಿಸಲು ಶುರುವಾದಾಗಿನಿಂದಲೇ ಮೋಟಾರಿನ ಎದುರು ತುದಿಯ ಬ್ಲಾಕ್ ಬಿಸಿ ಇತ್ತು. ಲಾಗ್ ಬುಕ್ಕಿನಲ್ಲಿ ಬರೆದೆ. ಮೇಲಿನವರು ಬಂದು ನೋಡಿ, ಹೊಸ ಗ್ರೀಸ್, ಸ್ವಲ್ಪ ದಿನ ಬಿಸಿ ಇರುತ್ತದೆ ಅಂದರು. ಆ ಮಾತು ಸುಳ್ಳಲ್ಲ. ಆದರೆ ಹೊಸ ಗ್ರೀಸಿನ ಬಿಸಿ ಬರಬರುತ್ತ ಇಳಿಯಬೇಕು. ಇದು ಏರುತ್ತಿತ್ತು. ಫ್ಯಾನ್ ನಿಲ್ಲಿಸಿ ಮುಚ್ಚಳ ಬಿಚ್ಚೋಣ ಅಂದೆ. ಫ್ಯಾನ್ ನಿಂತರೆ ಬಾಯ್ಲರ್ ನಿಲ್ಲುತ್ತದೆ, ಬಾಯ್ಲರ್ ನಿಂತರೆ ಮಿಲ್ ನಿಲ್ಲುತ್ತದೆ. ಗೇಟಿನ ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಇತ್ತು. ಕಡಿದ ಕಬ್ಬು ಒಣಗಿದಷ್ಟೂ ರೈತನ ತೂಕ ಹೋಗುತ್ತದೆ. ವಾರದ ಕೊನೆಗೆ ನೋಡೋಣ ಅಂದರು.

ರಾತ್ರಿ ಪಾಳಿಯಲ್ಲಿ ಸದ್ದು ಬದಲಾಯಿತು. ಗ್ರೀಸ್ ಸುಟ್ಟ ವಾಸನೆ ಬಂತು. ಕಂಟ್ರೋಲ್ ರೂಮಿಗೆ ಫೋನ್ ಮಾಡಿ ನಿಲ್ಲಿಸಲು ಹೇಳಿದೆ. ಅವರು ನಿಲ್ಲಿಸುವಷ್ಟರಲ್ಲಿ ಬ್ಲಾಕಿನ ಮುಚ್ಚಳ ಒಡೆಯಿತು. ಬೀಡುಕಬ್ಬಿಣ ಬಾಗುವುದಿಲ್ಲ, ಒಡೆಯುತ್ತದೆ. ಶಾಫ್ಟ್ ಕುಸಿಯಿತು. ಕಪ್ಲಿಂಗಿನ ಬೋಲ್ಟುಗಳು ತುಂಡಾದವು. ಅದರ ಮೇಲಿನ ಗಾರ್ಡ್ ಕಿತ್ತುಬಂದು ನನ್ನ ಎಡಗಾಲಿಗೆ ಬಡಿಯಿತು. ಕಾದ ಗ್ರೀಸ್ ಬಲ ಮುಂಗೈ ಮೇಲೆ ಬಿತ್ತು.

ಕಾಲಿನ ನೋವು ತಕ್ಷಣ ಗೊತ್ತಾಗಲಿಲ್ಲ. ನನಗಿದ್ದ ಭಯವೇ ಬೇರೆ. ಐ.ಡಿ. ಫ್ಯಾನ್ ಹಠಾತ್ತನೆ ನಿಂತರೆ ಹೊಗೆಗೆ ದಾರಿ ಇರುವುದಿಲ್ಲ, ಬೆಂಕಿ ಬಾಯ್ಲರಿನ ಮುಂದಕ್ಕೆ ಉಗುಳಬಹುದು. ಅಲ್ಲಿ ನಮ್ಮವರು ನಿಂತಿದ್ದರು. ನಾನು ಕೂಗುತ್ತಿದ್ದೆ. ಹೆಲ್ಪರ್ ಹುಡುಗ ನನ್ನ ಭುಜ ಒತ್ತಿ ಹಿಡಿದ. "ಕಾಕಾ, ಏಳಬ್ಯಾಡ್ರಿ. ಕಾಲ ಮುರದೈತಿ. ಗಾಳಿ ಫ್ಯಾನು, ಬಗ್ಯಾಸು ಎಲ್ಲಾ ಬಂದ್ ಆಗ್ಯಾವು. ಯಾರಿಗೂ ಏನೂ ಆಗಿಲ್ಲ" ಅಂದ. ಐ.ಡಿ. ಫ್ಯಾನ್ ನಿಂತೊಡನೆ ಗಾಳಿಯನ್ನೂ ಉರುವಲಾದ ಬಗ್ಯಾಸನ್ನೂ ತಾನಾಗಿ ನಿಲ್ಲಿಸುವ ಇಂಟರ್‌ಲಾಕ್ ಕೆಲಸ ಮಾಡಿತ್ತು. ಅದನ್ನು ಕೇಳಿದ ಮೇಲೆ ನೋವು ಶುರುವಾಯಿತು.

ಆಸ್ಪತ್ರೆಯಲ್ಲಿ ಮೊಣಕಾಲ ಕೆಳಗಿನ ಎಲುಬಿಗೆ ರಾಡ್ ಹಾಕಿದರು. ಕಾಲಿಗಿಂತ ಕೈಯ ಪಟ್ಟಿ ಬಿಚ್ಚುವಾಗ ಹೆಚ್ಚು ನೋಯುತ್ತಿತ್ತು. ಒಬ್ಬ ನರ್ಸ್ ಮೊದಲು ಪಟ್ಟಿಯನ್ನು ಚೆನ್ನಾಗಿ ನೆನೆಸಿ, ಆಮೇಲೆ ಬಿಚ್ಚುತ್ತಿದ್ದರು. ಅವರ ಪಾಳಿ ಯಾವಾಗ ಎಂದು ಕೇಳಿ ತಿಳಿದುಕೊಳ್ಳುತ್ತಿದ್ದೆ.

ಜೊತೆಗಾರ ಫಿಟ್ಟರ್ ಒಡೆದ ಬ್ಲಾಕಿನ ಫೋಟೋ ತಂದು ತೋರಿಸಿದ. ಎರಡೂ ಬ್ಲಾಕುಗಳಲ್ಲಿ ಲೊಕೇಟಿಂಗ್ ರಿಂಗ್ ಹಾಕಿದ್ದರು. ಈ ರಿಂಗ್ ಬೇರಿಂಗನ್ನು ಅತ್ತಿತ್ತ ಸರಿಯದಂತೆ ಹಿಡಿಯುತ್ತದೆ. ಅದು ಒಂದು ಕಡೆ ಮಾತ್ರ ಇರಬೇಕು. ಉಕ್ಕು ಒಂದು ಡಿಗ್ರಿ ಬಿಸಿಗೆ ಮೀಟರಿಗೆ 0.012 ಮಿಲಿಮೀಟರಿನಷ್ಟು ಬೆಳೆಯುತ್ತದೆ. ನಮ್ಮ ಶಾಫ್ಟಿನಲ್ಲಿ ಬೇರಿಂಗುಗಳ ನಡುವೆ ಎರಡೂವರೆ ಮೀಟರ್. 60 ಡಿಗ್ರಿ ಏರಿದರೆ 1.8 ಮಿಲಿಮೀಟರ್. ಹೋಗಲು ಜಾಗವಿಲ್ಲದೆ ಆ ಬೆಳವಣಿಗೆಯೆಲ್ಲ ಬೇರಿಂಗನ್ನೇ ಒತ್ತಿತ್ತು. ಎರಡು ಸಾಲಿನ ರೋಲರುಗಳಲ್ಲಿ ಒಂದೇ ಸಾಲು ಸವೆದು ಪುಡಿಯಾಗಿತ್ತು.

ಮುಂದಿನ ಹಂಗಾಮಿಗೆ ಮೊದಲು ಬ್ಲಾಕ್ ಕೂರಿಸುವ ಕೆಲಸ ನಮಗೇ ಬಂತು. ನಾನು ಸ್ಟೂಲಿನ ಮೇಲೆ ಕೂತು ಮಾಡಿದೆ. ಒಂದು ಬ್ಲಾಕಿನ ಮುಚ್ಚಳ ಇನ್ನೊಂದಕ್ಕೆ ಹೋಗದಂತೆ ಮೊದಲು ಗುರುತು ಹಾಕಿದೆವು. ಮುಚ್ಚಳವನ್ನೂ ತಳವನ್ನೂ ಸೇರಿಸಿಯೇ ಕೊರೆದಿರುತ್ತಾರೆ. ಬೇರಿಂಗನ್ನು ಶಾಫ್ಟಿಗೆ ಹಿಡಿಸುವ ಸ್ಲೀವಿನ ನಟ್ ಬಿಗಿಯುತ್ತಾ ಫೀಲರ್ ಗೇಜಿನಿಂದ ಬೇರಿಂಗಿನೊಳಗಿನ ಸಂದು ಅಳೆದೆವು. 100 ಮಿಲಿಮೀಟರ್ ಒಳವ್ಯಾಸದ ಆ ಬೇರಿಂಗಿಗೆ 45ರಿಂದ 60 ಮೈಕ್ರಾನ್ ಸಂದು ಕಡಿಮೆಯಾಗಬೇಕು, ಅದಕ್ಕಿಂತ ಹೆಚ್ಚಲ್ಲ. ರಿಂಗನ್ನು ಮೋಟಾರ್ ಕಡೆ ಮಾತ್ರ ಹಾಕಿದೆವು. ಇನ್ನೊಂದು ಕಡೆ ಎರಡು ಬದಿಗೂ ಜಾಗ ಬಿಟ್ಟೆವು. ಫ್ಯಾನ್ ಓಡಿ ಬಿಸಿಯಾದ ಮೇಲೆ ಡಯಲ್ ಗೇಜ್ ಇಟ್ಟು ನೋಡಿದರೆ ಶಾಫ್ಟಿನ ತುದಿ ಒಂದೂವರೆ ಮಿಲಿಮೀಟರಿಗಿಂತ ಹೆಚ್ಚೇ ಸರಿದಿತ್ತು. ಬ್ಲಾಕಿನ ಮೇಲೆ ಕೈ ಇಡಬಹುದಿತ್ತು. ಇಡುವಾಗ ನನ್ನ ಕೈ ನಡುಗಿತು.

ಅಪಘಾತದ ವರದಿಯಲ್ಲಿ ಕಾರಣ ಎಂಬ ಜಾಗದಲ್ಲಿ ಬೇರಿಂಗ್ ದೋಷ ಎಂದು ಬರೆದಿದ್ದಾರೆ. ಬೇರಿಂಗಿನಲ್ಲಿ ದೋಷ ಇರಲಿಲ್ಲ. ಎರಡು ಕಡೆಯೂ ರಿಂಗ್ ಇತ್ತು ಎಂದು ತಿದ್ದಿ ಬರೆಯಬೇಕೆಂದು ಅರ್ಜಿ ಕೊಟ್ಟಿದ್ದೇನೆ. ಆ ಫೋಟೋಗಳನ್ನೂ ಜೊತೆಗೆ ಇಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.